ಅಳಲೆಕಾಯಿಯ ಒಗರು ಮತ್ತು ಪ್ರಾಸುಕ ಜಲ

ಕರ್ಜಗಿಯಲ್ಲಿ ಕಾರಹುಣ್ಣಿಮೆಯ ಗದ್ದಲ ಅಡಗಿ ಕೆಲವು ದಿನಗಳಾಗುವಷ್ಟರಲ್ಲಿ ಮಳೆ ಹಿಡಿದರೆ ವರದೆಗೆ ಹೊಸ ನೀರು ಬರುತ್ತದೆ. ಮಣ್ಣು ಕದಡಿದ ಆ ನೀರು ಕೆಂಪಗೆ ಹರಿಯತೊಡಗಿದಾಗ ವ್ರತಸ್ಥರ ಮನೆಗಳಲ್ಲಿ ನೀರಿನ ಚಿಂತೆ ಮೊದಲಾಗುವುದು ಸಹಜ. ಮುಂದೆ ಆಷಾಢದ ಅಷ್ಟಾಹ್ನಿಕ, ಅದರ ಬೆನ್ನಿಗೇ ಚಾತುರ್ಮಾಸ. ಆ ಊರಲ್ಲಿದ್ದ ನಮ್ಮ ಸೋದರತ್ತೆಯವರ ಮನೆಯಲ್ಲಿ ಈ ದಿನಗಳಲ್ಲಿ ಅಟ್ಟದ ಮೇಲಿನ ಡಬ್ಬಿಯೊಂದು ಕೆಳಗಿಳಿಯುತ್ತಿತ್ತು. ಅದರಲ್ಲಿ ಒಣಗಿದ ಅಳಲೆಕಾಯಿ. ಅದನ್ನು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಮಾತ್ರ ಕುಟ್ಟಿ, ಬಟ್ಟೆಯಲ್ಲಿ ಸೋಸಿ ನುಣ್ಣನೆಯ ಪುಡಿ ಮಾಡಿಡುವರು.

ಒಮ್ಮೆ ಆ ಪುಡಿಯನ್ನು ನೀರಿಗೆ ಹಾಕುವ ಕೆಲಸ ಹುಡುಗನಾಗಿದ್ದ ನನಗೆ ಬಂತು. ತುಂಬಿದ ಕೊಡಕ್ಕೆ ಒಂದು ಚಿಟಿಕೆ ಹಾಕಿ ಮುಚ್ಚಿದೆ. ಅತ್ತೆಯವರು ಸ್ವಲ್ಪ ಹೊತ್ತಿನ ಮೇಲೆ ಬಂದು ಮುಚ್ಚಳ ತೆಗೆದು ನೋಡಿದರು. ನನ್ನ ಅಂಗೈಗೆ ಸ್ವಲ್ಪ ನೀರು ಬಿಟ್ಟು, “ಒಗರು ಹತ್ತತದೇನು ನೋಡು” ಎಂದರು. ಇಲ್ಲವೆಂದೆ. “ಬಣ್ಣ ತಿರುಗಿಲ್ಲ, ರುಚಿ ತಿರುಗಿಲ್ಲ. ಹೆಸರಿಗೆ ಹಾಕಿದರ ಆತೇನು ತಮ್ಮಾ? ನೀರಿಗೆ ಗೊತ್ತಾಗಬೇಕು” ಎಂದು ಇನ್ನಷ್ಟು ಪುಡಿ ಹಾಕಿ ಕಲಕಿದರು. ನೀರಿಗೆ ಗೊತ್ತಾಗಬೇಕೆಂಬ ಮಾತಿಗೆ ಆಗ ನಾನು ನಕ್ಕಿದ್ದೆ. ಅದರೊಳಗೆ ಶಾಸ್ತ್ರದ ಒಂದು ನಿಯಮವೂ ರಸಾಯನಶಾಸ್ತ್ರದ ಒಂದು ಸಂಗತಿಯೂ ಅಡಗಿದ್ದುವೆಂಬುದು ತಿಳಿಯಲು ಬಹಳ ವರ್ಷಗಳು ಬೇಕಾದುವು. ಅವುಗಳನ್ನೇ ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ನಿಯಮ. ಶ್ರಾವಕನು ಎರಡು ಪದರದ ಗಟ್ಟಿ ಬಟ್ಟೆಯಲ್ಲಿ ಗಾಳಿಸಿದ ನೀರು ಒಂದು ಮುಹೂರ್ತದವರೆಗೆ, ಎಂದರೆ 48 ನಿಮಿಷಗಳವರೆಗೆ, ಬಳಕೆಗೆ ಯೋಗ್ಯ. ಲವಂಗ, ಅಳಲೆ ಮುಂತಾದ ದ್ರವ್ಯವನ್ನು ಬೆರೆಸಿ ಪ್ರಾಸುಕಗೊಳಿಸಿದ ನೀರಿಗೆ ಎರಡು ಪ್ರಹರ, ಅಂದರೆ 6 ಗಂಟೆಗಳ ಮರ್ಯಾದೆ. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ, ಅಂದರೆ 24 ಗಂಟೆ. ಇದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾದ ಲೆಕ್ಕ. ಆದರೆ ಈ ಲೆಕ್ಕದೊಳಗೆ ಎರಡು ಬೇರೆ ಬೇರೆ ಕಾರ್ಯಗಳು ಸೇರಿಕೊಂಡಿವೆಯೆಂಬುದನ್ನು ಹಲವರು ಗಮನಿಸುವುದಿಲ್ಲ. ಗಾಳಿಸುವುದು ನೀರಿನಲ್ಲಿರುವ ತ್ರಸಜೀವಿಗಳ ರಕ್ಷಣೆಗಾಗಿ. ಆದುದರಿಂದಲೇ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ತಂದ ಬಾವಿಗೇ ಮೆಲ್ಲನೆ ಮುಟ್ಟಿಸುವ ಕ್ರಮವಿದೆ. ಪ್ರಾಸುಕ ಮಾಡುವುದಾದರೋ ಜಲಕಾಯದ ವಿಷಯ: ಸಚಿತ್ತವಾದ ನೀರನ್ನು ಅಚಿತ್ತವಾಗಿಸುವ ಕ್ರಿಯೆ. ಐದನೆಯದಾದ ಸಚಿತ್ತತ್ಯಾಗ ಪ್ರತಿಮೆಯನ್ನು ಸ್ವೀಕರಿಸಿದ ಶ್ರಾವಕನಿಗೆ ಇದು ನಿತ್ಯದ ಆವಶ್ಯಕತೆ.

ಅಚಿತ್ತವಾಯಿತೆಂದು ತಿಳಿಯುವ ಬಗೆ ಯಾವುದು? ನೀರಿನ ವರ್ಣ, ರಸ, ಗಂಧಗಳು ಬದಲಾಗಬೇಕು. ಬೆರೆಸಿದ ದ್ರವ್ಯವು ನೀರನ್ನು ಸ್ವಸ್ವರೂಪದಲ್ಲಿ ಉಳಿಯಗೊಡದಂತೆ ವ್ಯಾಪಿಸಬೇಕು. ಕೊಡದಲ್ಲಿ ಒಂದು ಲವಂಗ ತೇಲಿಬಿಟ್ಟರೆ, ಒಂದು ಚಿಟಿಕೆ ಪುಡಿ ಉದುರಿಸಿದರೆ ಪ್ರಾಸುಕವಾಯಿತೆಂಬ ರೂಢಿ ಈಗ ಬಹಳ ಕಡೆ ಬಂದಿದೆ. ಅದು ನೀರನ್ನಲ್ಲ, ನಮ್ಮ ಮನಸ್ಸನ್ನು ಸಮಾಧಾನಪಡಿಸುವ ಉಪಾಯ ಮಾತ್ರ. ಅತ್ತೆಯವರ “ಗೊತ್ತಾಗಬೇಕು” ಎಂಬ ಮಾತಿನ ಅರ್ಥ ಇದೇ.

ಇನ್ನು ಆ ನೀರಿಗೆ ‘ಗೊತ್ತು ಮಾಡಿಸುವ’ ವಸ್ತು ಯಾವುದೆಂಬುದನ್ನು ನೋಡೋಣ. ಅಳಲೆಯ ಮರ ನಮ್ಮ ಬಯಲುಸೀಮೆಯದಲ್ಲ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಮುಂಡಗೋಡ, ಯಲ್ಲಾಪುರಗಳ ಕಡೆಗೆ ಹೋದಂತೆ ಕಾಡಿನಲ್ಲಿ ಕಾಣುತ್ತದೆ. ಸಂಸ್ಕೃತದಲ್ಲಿ ಹರೀತಕೀ, ಮರಾಠಿಯಲ್ಲಿ ಹಿರಡಾ. ಮತ್ತಿ, ಹೊಳೆಮತ್ತಿ, ತಾರೆಗಳೆಲ್ಲ ಇದರ ಸೋದರ ವೃಕ್ಷಗಳು. ಒಣಗಿದ ಅಳಲೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ‘ಟ್ಯಾನಿನ್’ ಎಂಬ ಒಗರು ದ್ರವ್ಯಗಳೇ ಇರುತ್ತವೆ. ಚೆಬುಲಿನಿಕ್ ಆಮ್ಲ, ಚೆಬುಲಾಜಿಕ್ ಆಮ್ಲ ಎಂಬಿವು ಅವುಗಳಲ್ಲಿ ಮುಖ್ಯವಾದವು. ಈ ಕುಲದ ದ್ರವ್ಯಗಳು ಕಾಯಿಗೆ ಮಾತ್ರ ಸೀಮಿತವಲ್ಲ. ತೊಗಟೆಯಲ್ಲಿ, ಕಟ್ಟಿಗೆಯಲ್ಲಿ, ಎಲೆಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹರಡಿಕೊಂಡಿವೆ. ಮಾವಿನ ಎಲೆ, ನೇರಳೆಯ ತೊಗಟೆ, ದಾಳಿಂಬೆಯ ಸಿಪ್ಪೆ, ಎಳೆಯ ಬಾಳೆಕಾಯಿ ಇವುಗಳನ್ನು ಕಡಿದಾಗ ನಾಲಿಗೆ ಹಿಂಡಿಕೊಳ್ಳುವುದು ಇವುಗಳ ಮತ್ತು ಇವುಗಳ ಬಂಧುಗಳ ದೆಸೆಯಿಂದಲೇ. ಓಡಲಾರದ ಮರವು ತನ್ನನ್ನು ಮೇಯಲು ಬರುವ ಪ್ರಾಣಿ, ಹುಳುಗಳಿಂದ ಕಾಪಾಡಿಕೊಳ್ಳಲು ಈ ರಸವನ್ನು ಕೂಡಿಡುತ್ತದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ.

ಟ್ಯಾನಿನ್ನಿನ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಅಂಟಿಕೊಳ್ಳುವುದು. ಅದರ ಅಣುವಿನ ನಡುವೆ ಒಂದು ಸಕ್ಕರೆಯ ತುಣುಕು, ಸುತ್ತಲೂ ಗ್ಯಾಲಿಕ್ ಆಮ್ಲದಂತಹ ಘಟಕಗಳು, ಆ ಘಟಕಗಳ ಅಂಚಿನಲ್ಲೆಲ್ಲ ಹಿಡಿದುಕೊಳ್ಳುವ ಕೈಗಳು. ಪ್ರೋಟೀನು ಎದುರಾದರೆ ಹಲವು ಕಡೆಗಳಿಂದ ಏಕಕಾಲಕ್ಕೆ ಹಿಡಿಯುತ್ತದೆ. ಒಗರು ನಾಲಿಗೆಗೆ ಹತ್ತುವುದೆಂದರೆ ಇದೇ: ಬಾಯಿಯನ್ನು ಜಾರುವಂತೆ ಇಟ್ಟಿರುವ ಲಾಲಾರಸದ ಪ್ರೋಟೀನುಗಳನ್ನು ಟ್ಯಾನಿನ್ ಹಿಡಿದು ಗಂಟುಕಟ್ಟಿಸುತ್ತದೆ, ಬಾಯಿ ಒರಟೊರಟಾಗುತ್ತದೆ. ಆದುದರಿಂದ ಅತ್ತೆಯವರು ನನ್ನ ನಾಲಿಗೆಯನ್ನು ಪರೀಕ್ಷಾಸಾಧನವಾಗಿ ಬಳಸಿದ್ದು ಯೋಗ್ಯವೇ ಆಗಿತ್ತು. ಪುಡಿಯ ಸಾರ ನೀರಿಗೆ ಬಿಟ್ಟಿದೆಯೋ ಇಲ್ಲವೋ ಎಂಬುದಕ್ಕೆ ಅಡುಗೆಮನೆಯಲ್ಲಿ ಅದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ. ನಾನು ಮಾಡಿ ನೋಡಿದಂತೆ, ಒಂದು ಚೊಂಬು ನೀರಿಗೆ ಒಂದು ಸಣ್ಣ ಚಮಚೆ ನುಣುಪಾದ ಪುಡಿ ಹಾಕಿ ಕಲಕಿದರೆ ಕಾಲು ಗಂಟೆಯಲ್ಲಿ ನೀರು ಹಳದಿಗೆ ತಿರುಗಿ ಒಗರು ಸ್ಪಷ್ಟವಾಗುತ್ತದೆ. ಜಜ್ಜಿದ ದೊಡ್ಡ ತುಂಡುಗಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಇಡೀ ಕಾಯಿಯನ್ನು ಕೊಡದಲ್ಲಿ ಮುಳುಗಿಸಿ ಅಲ್ಪಕಾಲದಲ್ಲಿ ಪ್ರಾಸುಕವೆನ್ನುವುದು ಸರಿಯಲ್ಲ.

ಪಾತ್ರೆಯ ವಿಷಯದಲ್ಲಿ ಎಚ್ಚರವಿರಲಿ. ಟ್ಯಾನಿನ್ ಕಬ್ಬಿಣವನ್ನೂ ಬಿಗಿಯಾಗಿ ಹಿಡಿಯುತ್ತದೆ. ಹಿಡಿದಾಗ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಅಳಲೆಯ ರಸಕ್ಕೆ ಅನ್ನಭೇದಿ ಬೆರೆಸಿ ಬರವಣಿಗೆಯ ಮಸಿ ಮಾಡುತ್ತಿದ್ದುದು ಈ ಗುಣದಿಂದಲೇ. ತುಕ್ಕು ಹಿಡಿದ ಬಕೆಟ್ಟಿನಲ್ಲಾಗಲಿ, ಕಬ್ಬಿಣದ ಅಂಶವಿರುವ ಕೊಳವೆಬಾವಿಯ ನೀರಿನಲ್ಲಾಗಲಿ ಪುಡಿ ಹಾಕಿದಾಗ ನೀರು ಕಪ್ಪಾದರೆ ಕೆಲವರು ಗಾಬರಿಯಾಗುತ್ತಾರೆ, ಇನ್ನು ಕೆಲವರು ಬಣ್ಣ ಚೆನ್ನಾಗಿ ತಿರುಗಿತೆಂದು ಸಂತೋಷಪಡುತ್ತಾರೆ. ಎರಡೂ ಬೇಡ. ಅದು ಮಸಿಯ ಬಣ್ಣ. ಮಣ್ಣಿನ ಅಥವಾ ಸ್ಟೇನ್‌ಲೆಸ್ ಉಕ್ಕಿನ ಪಾತ್ರೆಯಲ್ಲಿ ಮಾಡಿದರೆ ಈ ತೊಡಕು ಕಡಮೆ.

ಈ ನೀರನ್ನು ಹಲವು ದಿನ ಇಟ್ಟರೆ ಅಣುಗಳು ಮೆಲ್ಲಮೆಲ್ಲನೆ ಒಡೆಯುತ್ತವೆ. ಚೆಬುಲಾಜಿಕ್ ಆಮ್ಲ ಒಡೆದರೆ ಸಕ್ಕರೆ, ಗ್ಯಾಲಿಕ್ ಆಮ್ಲ, ಚೆಬುಲಿಕ್ ಆಮ್ಲ, ಎಲಾಜಿಕ್ ಆಮ್ಲಗಳು ಬರುತ್ತವೆ. ಎಲಾಜಿಕ್ ಆಮ್ಲ ನೀರಿನಲ್ಲಿ ಕರಗುವುದು ಬಹಳ ಕಡಮೆಯಾದುದರಿಂದ ತಳದಲ್ಲಿ ತಿಳಿಹಳದಿ ಪುಡಿಯಾಗಿ ಕೂಡುತ್ತದೆ. ಇದಕ್ಕೆ ಹೆಸರಿಟ್ಟವನು ಬ್ರಾಕೊನೋ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ, 1818ರಲ್ಲಿ. ಮರದ ಗಂಟಿಗೆ ಫ್ರೆಂಚಿನಲ್ಲಿರುವ ‘ಗಾಲ್’ ಎಂಬ ಪದದ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಈ ಹೆಸರು ಮಾಡಿದನಂತೆ! ವಿದ್ವಾಂಸರಿಗೂ ಇಂತಹ ವಿನೋದ ಹೊಳೆಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಕೆಲವು ಉಪನ್ಯಾಸಕರು ‘ಆರು ಗಂಟೆಯ ಮರ್ಯಾದೆಯನ್ನು ವಿಜ್ಞಾನವು ಸಿದ್ಧಪಡಿಸಿದೆ’ ಎನ್ನುವುದುಂಟು. ಅಳಲೆಯ ಸಾರವು ಹಲವು ಬಗೆಯ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ, ನಿಜ. ಆದರೆ ಪ್ರಯೋಗಶಾಲೆಯ ಗಟ್ಟಿ ಸಾರವೇ ಬೇರೆ, ಮನೆಯ ಕೊಡದ ತಿಳಿ ನೀರೇ ಬೇರೆ. ಅಪ್‌ಕಾಯ ಜೀವದ ವಿಚಾರವು ಆಗಮಪ್ರಮಾಣದಿಂದ ತಿಳಿಯತಕ್ಕದ್ದು. ಸೂಕ್ಷ್ಮದರ್ಶಕವು ಅದರ ಪರವಾಗಿಯೂ ವಿರೋಧವಾಗಿಯೂ ಸಾಕ್ಷಿ ಹೇಳಲಾರದು. ಇನ್ನು ರೋಗಾಣುಗಳ ಮಾತಾದರೆ, ಬಟ್ಟೆಯಲ್ಲಿ ಗಾಳಿಸಿದರೆ ಅವು ಹೋಗವು, ಅಳಲೆಯ ಪುಡಿಯಿಂದ ಹೋದಾವೆಂದು ನಂಬಿ ಕೂಡುವಂತಿಲ್ಲ. ಹೊಸ ನೀರಿನ ಕಾಲದಲ್ಲಿ ವಾಂತಿಭೇದಿ ಹರಡಿದ್ದರೆ ಕುದಿಸಿದ ನೀರೇ ಗತಿ. ವ್ರತದ ಮರ್ಯಾದೆ ಎಂಟು ಪ್ರಹರವಾಗಿ ದೀರ್ಘವಾಗುತ್ತದೆ, ಮಕ್ಕಳ ಹೊಟ್ಟೆಯೂ ಸುರಕ್ಷಿತ. ಧರ್ಮವನ್ನು ಎತ್ತಿಹಿಡಿಯಲು ವಿಜ್ಞಾನದ ಹೆಸರಿನಲ್ಲಿ ಇಲ್ಲದ್ದನ್ನು ಹೇಳುವುದು ಸತ್ಯಾಣುವ್ರತಕ್ಕೆ ಒಪ್ಪುವುದಿಲ್ಲ.

ಟ್ಯಾನಿನ್ ಎಂಬ ಹೆಸರು ಬಂದುದು ಚರ್ಮ ಹದಮಾಡುವ ಕಸುಬಿನಿಂದ. ಹಸಿಯ ತೊಗಲಿನ ಪ್ರೋಟೀನನ್ನು ಈ ದ್ರವ್ಯವು ಹಿಡಿದು ಬಿಗಿದರೆ ತೊಗಲು ಕೊಳೆಯುವುದಿಲ್ಲ. ಗಟ್ಟಿಯಾಗಿ ಬಾಳಿಕೆ ಬರುತ್ತದೆ. ನಮ್ಮ ಬಯಲಿನ ತಂಗಡಿ ಗಿಡದ ತೊಗಟೆ, ಕರಿಜಾಲಿಯ ತೊಗಟೆ, ಕಾಡಿನ ಅಳಲೆಕಾಯಿ ಇವು ಆ ಕಸುಬಿನ ಮುಖ್ಯ ಸಾಮಗ್ರಿಗಳು. ಬ್ರಿಟಿಷರ ಕಾಲದಲ್ಲಿ ಸಹ್ಯಾದ್ರಿಯ ಕಾಡುಗಳಿಂದ ಅಳಲೆಕಾಯಿ ಗಾಡಿಗಟ್ಟಲೆ ಇಳಿದು ಹಡಗುಗಳಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದುದು ಔಷಧಿಗಿಂತ ಹೆಚ್ಚಾಗಿ ಚರ್ಮ ಹದಮಾಡುವುದಕ್ಕೆ. ವ್ರತಿಯ ನೀರನ್ನು ಪ್ರಾಸುಕಗೊಳಿಸುವ ಕಾಯಿಯೇ ತೊಗಲನ್ನು ಚರ್ಮವಾಗಿಸುತ್ತದೆಂಬುದನ್ನು ಮೊದಲ ಸಲ ಓದಿದಾಗ ನನಗೆ ಮನಸ್ಸಿಗೆ ಇರುಸುಮುರುಸಾಯಿತು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಚರ್ಮಪಾತ್ರೆಯಲ್ಲಿಟ್ಟ ನೀರು, ಎಣ್ಣೆ-ತುಪ್ಪ, ಇಂಗುಗಳ ಬಳಕೆಯನ್ನು ಮಾಂಸತ್ಯಾಗದ ಅತಿಚಾರವೆಂದು ಎಣಿಸಿದ್ದಾರೆ. ಎತ್ತು ಕಟ್ಟಿದ ಕಪಿಲೆಯ ತೊಗಲಿನ ಚೀಲದಿಂದ ಹೊಲಕ್ಕೆ ನೀರೆತ್ತುತ್ತಿದ್ದ ದಿನಗಳಲ್ಲಿ, ಆ ಬಾವಿಯ ನೀರನ್ನು ಕುಡಿಯಲು ಒಲ್ಲದೆ ಬೇರೆ ಬಾವಿಗೆ ಹೋಗುವ ಹಿರಿಯರಿದ್ದರು. ಅವರು ಒಲ್ಲದ ಆ ಚೀಲವನ್ನು ಹದಗೊಳಿಸಿದ ಒಗರೂ, ಅವರ ಮನೆಯ ಕೊಡದೊಳಗಿನ ಒಗರೂ ಒಂದೇ ಕುಲದವು. ದ್ರವ್ಯಕ್ಕೆ ದೋಷವಿಲ್ಲ; ಅದು ಎದುರಿಗೆ ಬಂದುದನ್ನು ಹಿಡಿಯುತ್ತದೆ, ಅಷ್ಟೆ.

ಈ ಹಿಡಿಯುವ ಗುಣವನ್ನು ನಮ್ಮ ಆಚಾರ್ಯರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯೇ ನಿದರ್ಶನ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವವು ಸಕಷಾಯರಿಗೆ ಒಂದು ಬಗೆ, ಅಕಷಾಯರಿಗೆ ಇನ್ನೊಂದು ಬಗೆ ಎಂಬಲ್ಲಿ ಅವರು ಒಂದು ಪ್ರಶ್ನೆ ಎತ್ತುತ್ತಾರೆ: ಕ್ರೋಧ, ಮಾನ, ಮಾಯಾ, ಲೋಭಗಳಿಗೆ ಕಷಾಯವೆಂದು ಹೆಸರೇಕೆ? ಆಲ ಮುಂತಾದ ಮರಗಳ ಒಗರು ರಸವು ಅಂಟಿಕೊಳ್ಳುವುದಕ್ಕೆ ಕಾರಣವಾಗುವಂತೆ, ಕ್ರೋಧಾದಿಗಳು ಆತ್ಮನಿಗೆ ಕರ್ಮವು ಅಂಟುವುದಕ್ಕೆ ಕಾರಣವಾಗುತ್ತವೆ, ಆದ್ದರಿಂದ ಆ ಹೆಸರು ಎಂಬುದು ಅವರು ಕೊಟ್ಟ ಉತ್ತರದ ಸಾರ.

ಈ ಉಪಮೆಯನ್ನು ನಾನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಆದರೆ ಕಣ್ಣಿಗೆ ಕಟ್ಟಿರಲಿಲ್ಲ. ಕಟ್ಟಿದ್ದು ಬಣ್ಣಗಾರರ ಕ್ರಮವನ್ನು ತಿಳಿದಾಗ. ಹತ್ತಿಯ ಬಿಳಿ ಬಟ್ಟೆಗೆ ಮಂಜಿಷ್ಠೆಯ ಕೆಂಪನ್ನು ನೇರವಾಗಿ ಏರಿಸಿದರೆ ಅದು ನಿಲ್ಲದು, ಒಗೆದರೆ ಹೋಗುತ್ತದೆ. ಮೊದಲು ಬಟ್ಟೆಯನ್ನು ಅಳಲೆಯ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಆಮೇಲೆ ಪಟಿಕದ ನೀರು, ಅದರ ಮೇಲೆ ಬಣ್ಣ. ಒಗರು ನೂಲನ್ನು ಹಿಡಿಯುತ್ತದೆ, ಪಟಿಕವನ್ನು ಒಗರು ಹಿಡಿಯುತ್ತದೆ, ಬಣ್ಣವನ್ನು ಪಟಿಕ ಹಿಡಿಯುತ್ತದೆ. ನೋಡುವವನ ಕಣ್ಣಿಗೆ ಕೆಂಪು ಮಾತ್ರ ಕಾಣುತ್ತದೆ. ಕೆಂಪನ್ನು ನಿಲ್ಲಿಸಿದ ಒಗರು ಕಾಣುವುದಿಲ್ಲ. ಯೋಗದಿಂದ ಕರ್ಮಪುದ್ಗಲಗಳು ಬರುತ್ತವೆ, ಆದರೆ ಅವು ಸ್ಥಿತಿಗೊಂಡು ಫಲಕೊಡುವಂತೆ ನಿಲ್ಲುವುದು ಕಷಾಯದಿಂದ ಎಂದು ಶಾಸ್ತ್ರ ಹೇಳುವುದು ಇದನ್ನೇ. ಕಷಾಯವಿಲ್ಲದವನಲ್ಲಿ ಬಂದ ಕರ್ಮವು ಒಣ ಗೋಡೆಗೆ ತಾಗಿದ ಧೂಳಿನಂತೆ ಉದುರಿಹೋಗುತ್ತದೆ.

ಇನ್ನೊಂದು ಸ್ವಾರಸ್ಯವೂ ಇದೆ. ಆಲದ ಹಣ್ಣು ಐದು ಉದುಂಬರಗಳಲ್ಲಿ ಒಂದಾದುದರಿಂದ, ಒಳಗೆ ಹುಳುಗಳಿರುವ ಕಾರಣ ಶ್ರಾವಕನಿಗೆ ವರ್ಜ್ಯ. ಅದೇ ಮರದ ಒಗರನ್ನು ಆಚಾರ್ಯರು ಬಂಧತತ್ತ್ವವನ್ನು ತಿಳಿಸಲು ಆರಿಸಿಕೊಂಡರು.

ಇಷ್ಟಾದ ಮೇಲೆ ಉಪವಾಸದ ಮಾತಿಗೆ ಬರೋಣ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು. ಚತುರ್ವಿಧ ಆಹಾರವನ್ನೂ ಬಿಟ್ಟ ಪೂರ್ಣ ಉಪವಾಸದಲ್ಲಿ ನೀರಿನ ಪ್ರಶ್ನೆಯೇ ಇಲ್ಲ. ಜಲಮಾತ್ರವನ್ನು ಸ್ವೀಕರಿಸುವ ಅನುಪವಾಸದ ದಿನಗಳಲ್ಲಿ, ಅದರಲ್ಲಿಯೂ ಅಷ್ಟಾಹ್ನಿಕ, ದಶಲಕ್ಷಣಗಳಲ್ಲಿ ಸಾಲಾಗಿ ವ್ರತ ಹಿಡಿಯುವವರಲ್ಲಿ, ‘ಅಳಲೆಯ ನೀರು ಆರೋಗ್ಯಕ್ಕೆ ಒಳ್ಳೆಯದು, ಹೊಟ್ಟೆ ಶುದ್ಧವಾಗುತ್ತದೆ’ ಎಂಬ ಭಾವನೆಯಿಂದ ಅದನ್ನೇ ದಟ್ಟವಾಗಿ ಮಾಡಿ ಕುಡಿಯುವವರನ್ನು ಕಂಡಿದ್ದೇನೆ. ಹರೀತಕಿಯನ್ನು ತಾಯಿಯಂತೆ ಹೊಗಳುವ ಆಯುರ್ವೇದವೇ ಇಲ್ಲಿ ತಡೆಯುತ್ತದೆ. ಭಾವಮಿಶ್ರರ ‘ಭಾವಪ್ರಕಾಶ’ವು ಯಾರು ಹರೀತಕಿಯನ್ನು ಸೇವಿಸಬಾರದೆಂದು ಹೇಳುವಾಗ ದಾರಿ ನಡೆದು ಬಳಲಿದವರು, ಬಲಹೀನರು, ಕೃಶರು, ಗರ್ಭಿಣಿಯರು, ಪಿತ್ತ ಹೆಚ್ಚಿದವರು ಇವರೊಡನೆ ಲಂಘನದಿಂದ ಸೊರಗಿದವರನ್ನೂ ಎಣಿಸುತ್ತದೆ. ಲಂಘನವೆಂದರೆ ಉಪವಾಸವೇ ಅಲ್ಲವೇ? ಅಳಲೆಕಾಯಿ ಮಲವನ್ನು ಸಡಿಲಿಸುವ ವಸ್ತು. ಬರಿಹೊಟ್ಟೆಯಲ್ಲಿ ಭೇದಿಯಾದರೆ ಉಪವಾಸಿಯ ದೇಹದಲ್ಲಿ ಉಳಿದ ನೀರೂ ಲವಣವೂ ಹೋಗುತ್ತವೆ. ವ್ರತವು ನಡುವೆ ಮುರಿಯುವ ಪ್ರಸಂಗ ಬರುವುದು ಹೀಗೆ.

ಅಂದಹಾಗೆ, ಋತುಋತುವಿಗೆ ಹರೀತಕಿಯನ್ನು ಒಂದೊಂದು ಅನುಪಾನದೊಡನೆ ತಿನ್ನುವ ವಿಧಿಯೂ ವೈದ್ಯಗ್ರಂಥಗಳಲ್ಲಿದೆ. ವಸಂತದಲ್ಲಿ ಜೇನಿನೊಡನೆ ಎಂದಿದೆ. ಮಧುತ್ಯಾಗ ಮಾಡಿದ ನಮಗೆ ಅದು ಸಲ್ಲದು. ಔಷಧವೆಂದ ಮಾತ್ರಕ್ಕೆ ಎಲ್ಲವೂ ನಿರ್ದೋಷವೆಂದು ತಿಳಿಯುವ ಹಾಗಿಲ್ಲ.

ಕಬ್ಬಿಣದ ಮಾತನ್ನು ಇಲ್ಲಿ ಮತ್ತೆ ನೆನೆಯಬೇಕು. ಪಾತ್ರೆಯ ಕಬ್ಬಿಣವನ್ನು ಹಿಡಿಯುವ ಟ್ಯಾನಿನ್ ಆಹಾರದ ಕಬ್ಬಿಣವನ್ನೂ ಹಿಡಿಯುತ್ತದೆ. ಊಟದೊಡನೆ ಚಹಾ ಕುಡಿದರೆ ಸಸ್ಯಾಹಾರದಲ್ಲಿಯ ಕಬ್ಬಿಣ ರಕ್ತಕ್ಕೆ ಸೇರುವುದು ಬಹಳ ಕಡಮೆಯಾಗುವುದೆಂಬುದು ವೈದ್ಯರಿಗೆ ಚೆನ್ನಾಗಿ ತಿಳಿದ ವಿಷಯ, ಅಳಲೆಯ ಒಗರೂ ಕಬ್ಬಿಣದೊಡನೆ ಅದೇ ರೀತಿ ವರ್ತಿಸತಕ್ಕ ದ್ರವ್ಯ. ನಮ್ಮ ಮನೆಗಳಲ್ಲಿ ಅತಿಹೆಚ್ಚು ವ್ರತ ಹಿಡಿಯುವವರು ಹೆಣ್ಣುಮಕ್ಕಳು; ರಕ್ತಹೀನತೆ ಹೆಚ್ಚಾಗಿ ಕಾಡುವುದೂ ಅವರನ್ನೇ. ಏಕಭುಕ್ತದವರಿಗೆ ಇಡೀ ದಿನಕ್ಕೆ ಒಂದೇ ಊಟ. ಆ ಒಂದು ಊಟದ ಸೊಪ್ಪು, ಬೇಳೆ, ರಾಗಿಗಳಿಂದ ಬರಬೇಕಾದ ಕಬ್ಬಿಣವನ್ನು ದಟ್ಟವಾದ ಅಳಲೆನೀರು ಹೊಟ್ಟೆಯಲ್ಲಿಯೇ ಕಟ್ಟಿಹಾಕಿದರೆ ಸೊಸೆಗೆ ತಲೆಸುತ್ತು ಬಂದಾಗ ವ್ರತವನ್ನು ದೂರುವುದು ನ್ಯಾಯವೇ?

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ವ್ರತದ ದಿನಗಳಲ್ಲಿ, ಏಕಭುಕ್ತದ ಊಟದಲ್ಲಿ, ಪಾರಣೆಯಲ್ಲಿ ಕುದಿಸಿ ಆರಿಸಿದ ನೀರನ್ನೇ ಬಳಸುವುದು ಲೇಸು. ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಸಲ್ಲೇಖನೆಯ ಕ್ರಮವನ್ನು ಹೇಳುವಾಗಲೂ ಆಹಾರದಿಂದ ಸ್ನಿಗ್ಧಪಾನಕ್ಕೆ, ಅಲ್ಲಿಂದ ಖರಪಾನಕ್ಕೆ, ಆಮೇಲೆ ಉಪವಾಸಕ್ಕೆ ಶಕ್ತಿಯನ್ನು ನೋಡಿಕೊಂಡು ಇಳಿಯುವಂತೆ ವಿಧಿಸಿದ್ದಾರೆ. ಶಕ್ತಿಯನ್ನು ನೋಡಿಕೊಳ್ಳುವುದು ಶೈಥಿಲ್ಯವಲ್ಲ. ನಮ್ಮ ನೆರೆಯ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗರ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಸಲ್ಲೇಖನೆಯಿಂದ ದೇಹ ಬಿಟ್ಟುದು ಪ್ರಸಿದ್ಧ. ಅಂತಹ ವೀರನಿಗೂ ಕಣ್ಣಿಟ್ಟು ನೋಡಿಕೊಳ್ಳಲು ಗುರುಗಳ ಸನ್ನಿಧಿ ಬೇಕಾಯಿತು.

ಅಳಲೆಯ ನೀರು ಎಲ್ಲಿ ಯೋಗ್ಯವೆಂದರೆ, ಒಲೆ ಹೊತ್ತಿಸಲು ಅನುಕೂಲವಿಲ್ಲದ ಪ್ರಯಾಣದಲ್ಲಿ, ಕ್ಷೇತ್ರದರ್ಶನದಲ್ಲಿ, ಪಾತ್ರೆ ತೊಳೆಯಲು, ಕೈಕಾಲು ತೊಳೆಯಲು, ಆರೋಗ್ಯವಂತರಾದ ವ್ರತಿಗಳಿಗೆ ಊಟದ ಹೊತ್ತು ಬಿಟ್ಟು ಕುಡಿಯಲು. ಗರ್ಭಿಣಿಯರು, ಎಳೆಮಕ್ಕಳು, ನಿತ್ಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಪ್ರತಿಮಾಧಾರಿಗಳು ತಮ್ಮ ತಮ್ಮ ಗುರುಗಳ ಅಪ್ಪಣೆಯಂತೆ ನಡೆಯತಕ್ಕದ್ದು. ಪುಡಿ ಹಾಕಿದ ವೇಳೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡುವುದು ಒಳ್ಳೆಯ ರೂಢಿ. ಮರ್ಯಾದೆ ಮುಗಿದ ನೀರನ್ನು ಮತ್ತೆ ಗಾಳಿಸಿ, ಮತ್ತೆ ಪುಡಿ ಹಾಕಿ ಬಳಸುವಂತಿಲ್ಲ. ಮುಗಿಯುವ ಮುನ್ನವೇ ಅದನ್ನು ಬಳಸಿ ಬರಿದುಮಾಡುವುದು ಜಾಣತನ.

ಕರ್ಜಗಿಯ ಮನೆಯಲ್ಲಿ ಅದಕ್ಕೂ ಒಂದು ಕ್ರಮವಿತ್ತು. ಬೆಳಗಿನ ಏಳಕ್ಕೆ ಪ್ರಾಸುಕ ಮಾಡಿದ ನೀರು ಹನ್ನೆರಡೂವರೆಯ ಹೊತ್ತಿಗೆ ಉಳಿದಿದ್ದರೆ ಅತ್ತೆಯವರು ಅದರಲ್ಲಿ ಅಡುಗೆಮನೆಯ ನೆಲ ಒರೆಸಿ, ಕೊಡವನ್ನು ಬೋರಲು ಹಾಕಿ ಬಿಸಿಲಿಗೆ ಇಡುತ್ತಿದ್ದರು. ಹಳದಿಗಟ್ಟಿದ ಆ ಕೊಡದ ಒಳಮೈಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುವ ಪಾಳಿ ನನ್ನದು.